ನಾಲ್ಕು ವರ್ಷದ ಕಾಲಲ್ಲಿ ಕಡಲಿನವರೆಗೆ

ಒಂದೂವರೆ ಗಂಟೆ ರೈಲು, ಒಂದು ಕಿಲೋಮೀಟರ್ ನಡಿಗೆ, ಆಮೇಲೆ ಕಡಲು. ದೊಡ್ಡವರಿಗೆ ಇದು ಅರ್ಧ ದಿನದ ಓಡಾಟ. ಜೊತೆಗೆ ನಾಲ್ಕು ವರ್ಷದ ಮಗುವಿದ್ದರೆ ಬೆಳಗಿನಿಂದ ರಾತ್ರಿಯವರೆಗೂ ಬೇಕು, ಅದೂ ನಡುವೆ ಬೇರೇನನ್ನೂ ತುರುಕದಿದ್ದರೆ.

ದಿನ ಗೊತ್ತುಮಾಡುವಾಗ ರಜೆಗಿಂತ ಮೊದಲು ನೋಡಬೇಕಾದ್ದು ಉಬ್ಬರ ಇಳಿತದ ವೇಳಾಪಟ್ಟಿ. ಬಹುತೇಕ ಕರಾವಳಿಗಳಲ್ಲಿ ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತು ನಾಳೆಗೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕಳೆದ ವಾರ ಹೋಗಿಬಂದವರು ಹೇಳಿದ ಸಮಯ ನಂಬಿದರೆ ಬಂಡೆಗಳೆಲ್ಲ ನೀರಿನಡಿ ಮುಳುಗಿರುತ್ತವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಹಿಂದೆ ಸರಿಯುತ್ತದೆ. ಹುಣ್ಣಿಮೆಯ ಹತ್ತಿರದ, ಇಳಿತ ಬೆಳಗಿನ ಹನ್ನೊಂದರ ಸುಮಾರಿಗೆ ಬೀಳುವ ದಿನ ಸಿಕ್ಕಿದರೆ ಬಿಡಬಾರದು. ಹುಣ್ಣಿಮೆ ಯಾಕೆಂಬುದು ವಾಪಸು ಬರುವಾಗ ಗೊತ್ತಾಗುತ್ತದೆ.

ಹಿಂದಿನ ಸಂಜೆ ಒಂದು ಹಾಳೆಯಲ್ಲಿ ನಾಲ್ಕು ಚಿತ್ರ ಬರೆಯಿರಿ: ಮನೆ, ರೈಲು, ಕಡಲು, ಮತ್ತೆ ಮನೆ. ‘ಇನ್ನು ಎರಡು ಗಂಟೆ’ ಎಂದರೆ ಈ ವಯಸ್ಸಿಗೆ ಏನೂ ತಿಳಿಯದು. ಯಾವುದಾದ ಮೇಲೆ ಯಾವುದು ಎಂಬುದು ಚೆನ್ನಾಗಿ ತಿಳಿಯುತ್ತದೆ. ಮನಶ್ಶಾಸ್ತ್ರಜ್ಞೆ ಜೂಡಿ ಡೆಲೋಶ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಣೆಯ ಪುಟ್ಟ ಮಾದರಿಯಲ್ಲಿ ಗೊಂಬೆ ಅಡಗಿಸಿದ್ದನ್ನು ನೋಡಿದ ಮೂರು ವರ್ಷದ ಮಕ್ಕಳು ದೊಡ್ಡ ಕೋಣೆಯಲ್ಲಿ ಅದೇ ಜಾಗಕ್ಕೆ ಹೋಗಿ ಗೊಂಬೆ ಹುಡುಕಿದರು. ಎರಡೂವರೆ ವರ್ಷದವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಚಿಕ್ಕದೊಂದು ಇನ್ನೊಂದನ್ನು ಸೂಚಿಸಬಲ್ಲದು ಎಂಬ ತಿಳಿವು ಆ ಆರೇಳು ತಿಂಗಳಲ್ಲಿ ಮೂಡುತ್ತದೆ. ಹಾಗಾಗಿ ನಾಲ್ಕರ ಮಗುವಿನ ಕೈಯಲ್ಲಿ ಈ ಹಾಳೆ ನಿಜವಾಗಿಯೂ ನಕ್ಷೆಯೇ. ಮುಗಿದ ಚಿತ್ರಕ್ಕೆ ಗುರುತು ಹಾಕುವ ಕೆಲಸ ಅದಕ್ಕೇ ಬಿಟ್ಟರೆ ‘ಯಾವಾಗ ಬರುತ್ತೆ?’ ಅರ್ಧಕ್ಕಿಳಿಯುತ್ತದೆ.

ಚೀಲಕ್ಕೆ ಎರಡು ಜೊತೆ ಬಟ್ಟೆ, ಟವೆಲ್, ಅರ್ಧ ಲೀಟರ್ ನೀರಿನ ಬಾಟಲಿ, ಅಗಲ ಅಂಚಿನ ಟೋಪಿ, ಪಾರದರ್ಶಕ ಡಬ್ಬಿ, ವಾಂತಿಗೆ ಗಟ್ಟಿ ಕವರುಗಳು. ಕವರು ಮೇಲಿನ ಜೇಬಿನಲ್ಲೇ ಇರಬೇಕು. ನಿಮ್ಮ ಫೋನ್ ನಂಬರನ್ನು ಮಗುವಿನ ತೋಳಿನ ಒಳಬದಿಗೆ ಪೆನ್ನಿನಲ್ಲಿ ಬರೆಯಿರಿ. ಪ್ಲಾಟ್‌ಫಾರ್ಮಿನಲ್ಲಿ ಆ ದಿನದ ಬಟ್ಟೆಯಲ್ಲೇ ಒಂದು ಫೋಟೋ ತೆಗೆಯಿರಿ; ಮಗು ತಪ್ಪಿಸಿಕೊಂಡರೆ ‘ಕೆಂಪು ಅಂಗಿಯೋ ಹಳದಿಯೋ’ ಎಂದು ತಡವರಿಸಬೇಕಾಗುವುದಿಲ್ಲ.

ರೈಲು ಹತ್ತುವ ಮುನ್ನ ಶೌಚಾಲಯ, ಹತ್ತಿ ಒಂದು ಗಂಟೆಯಾದ ಮೇಲೆ ಮತ್ತೊಮ್ಮೆ. ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆಂಬುದಕ್ಕೆ ವೈದ್ಯರದೊಂದು ಸೂತ್ರವಿದೆ: ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಮಿಲಿಲೀಟರ್. ನಾಲ್ಕು ವರ್ಷಕ್ಕೆ 150, ಅಂದರೆ ಒಂದು ಲೋಟಕ್ಕಿಂತ ಕಡಿಮೆ. ‘ಬರ್ತಿದೆಯಾ?’ ಎಂದು ಕೇಳಿ ಪ್ರಯೋಜನವಿಲ್ಲ, ಕಿಟಕಿ ಬಿಟ್ಟು ಏಳಲು ಮನಸ್ಸಿಲ್ಲದ ಮಗು ‘ಇಲ್ಲ’ ಎಂದೇ ಹೇಳುತ್ತದೆ. ‘ಬಾ, ಹೋಗಿಬರೋಣ’ ಎಂದು ಎಬ್ಬಿಸುವುದೇ ಸರಿ.

ರೈಲು ಸಾಗುವ ದಿಕ್ಕಿಗೆ ಮುಖಮಾಡಿ ಕೂರಿಸಬೇಕು. ಪ್ರಯಾಣದ ವಾಕರಿಕೆ ಎರಡರಿಂದ ಹನ್ನೆರಡು ವರ್ಷದವರನ್ನು ಹೆಚ್ಚು ಕಾಡುತ್ತದೆ. ಒಳಕಿವಿ ‘ಚಲಿಸುತ್ತಿದ್ದೇವೆ’ ಎನ್ನುತ್ತದೆ, ಪುಸ್ತಕವನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ತಕರಾರೇ ವಾಕರಿಕೆ. ಹರಟುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ, ಆಕಳಿಸಿದರೆ, ಮುಖ ಬಿಳಚಿಕೊಂಡರೆ ಕವರು ಹೊರಗೆ ಬರಲಿ, ಮಗುವಿನ ನೋಟ ದೂರದ ಬೆಟ್ಟದ ಕಡೆ ತಿರುಗಲಿ.

ಕಿಟಕಿಯ ಆಚೆ ಮರಗಳು ಓಡುತ್ತವೆ. ‘ಅಪ್ಪಾ, ಮರ ಯಾಕೆ ಹಿಂದಕ್ಕೆ ಓಡ್ತಿದೆ?’ ಎಂದು ಕೇಳಿದ ಕೂಡಲೇ ಓಡುತ್ತಿರುವುದು ನಾವು ಎಂದು ಪಾಠ ಹೇಳುವವರೇ ಹೆಚ್ಚು. ಅದರ ಬದಲು, ‘ಯಾವುದು ಜೋರು ಓಡ್ತಿದೆ, ಕಂಬವಾ, ಮನೆಯಾ, ಬೆಟ್ಟವಾ?’ ಎಂದು ತಿರುಗಿ ಕೇಳಿ ಸುಮ್ಮನಿರಿ. ಸ್ವಲ್ಪ ಹೊತ್ತಿಗೆ, ಹತ್ತಿರದ್ದು ಜೋರು, ದೂರದ್ದು ನಿಧಾನ ಎಂಬುದು ಅದರ ಬಾಯಿಂದಲೇ ಬರುವ ಸಾಧ್ಯತೆಯಿದೆ. ವಿವರಣೆ ಇನ್ನೆರಡು ವರ್ಷ ಕಾಯಬಲ್ಲದು.

ನಿಲ್ದಾಣದಿಂದ ಕಡಲಿಗಿರುವ ಒಂದು ಕಿಲೋಮೀಟರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ನೇರ ನಡೆದರೆ ಈ ವಯಸ್ಸಿಗೆ ಇಪ್ಪತ್ತು ನಿಮಿಷ ಸಾಕು. ಉಳಿದದ್ದು ಇರುವೆ ಸಾಲಿಗೆ, ಚರಂಡಿ ಮುಚ್ಚಳದ ತೂತಿಗೆ, ತನ್ನದೇ ನೆರಳಿಗೆ. ಮಗುವಿನ ಕಣ್ಣು ನೆಲದಿಂದ ತೊಂಬತ್ತು ಸೆಂಟಿಮೀಟರ್ ಸುಮಾರಿನಲ್ಲಿದೆ, ನಮ್ಮ ಸೊಂಟದ ಮಟ್ಟ. ಅಲ್ಲಿಂದ ಕಾಣುವ ಊರೇ ಬೇರೆ. ಪ್ರವಾಸ ಶುರುವಾಗುವುದು ಇಲ್ಲಿ. ಇಲ್ಲಿ ದರದರ ಎಳೆದುಕೊಂಡು ಹೋದವರು ಅಳುವ ಮಗುವಿನೊಂದಿಗೆ ಕಡಲು ತಲುಪುತ್ತಾರೆ. ರಸ್ತೆ ದಾಟುವಾಗ ಮಾತ್ರ ಈ ಉದಾರತೆ ಬೇಡ. ಬೆರಳಲ್ಲ, ಮಣಿಕಟ್ಟು ಹಿಡಿಯಬೇಕು. ಎದುರು ಬರುವ ವಾಹನದ ವೇಗ ಅಳೆಯುವ ಶಕ್ತಿ ಶಾಲೆ ಸೇರಿದ ಮಕ್ಕಳಿಗೂ ಪೂರ್ತಿ ಬಂದಿರುವುದಿಲ್ಲ.

ಕಡಲ ದಡದಲ್ಲಿ ನಿಂತ ಮಗುವಿಗೆ ದಿಗಂತ ಸುಮಾರು 3.4 ಕಿಲೋಮೀಟರ್ ದೂರ, ಪಕ್ಕದಲ್ಲಿರುವ ದೊಡ್ಡವರಿಗೆ 4.5. ಹೆಗಲ ಮೇಲೆ ಕೂರಿಸಿಕೊಂಡರೆ ಐದು ದಾಟುತ್ತದೆ. ಕೆಳಗಿದ್ದಾಗ ಬರೀ ತುದಿ ಕಾಣುತ್ತಿದ್ದ ದೋಣಿ, ಮೇಲೇರಿದ ಕೂಡಲೇ ಇನ್ನಷ್ಟು ಕಾಣಬಹುದು. ಇಳಿಸಿ ಏರಿಸಿ ನೋಡಿ, ಬೆನ್ನು ಒಪ್ಪುವಷ್ಟು ಸಲ.

ಮೊದಲ ಅಲೆ ಪಾದ ಮುಟ್ಟಿ ಹಿಂದೆ ಸರಿಯುವಾಗ ಬಹಳ ಮಕ್ಕಳು ಬೀಳುತ್ತಾರೆ ಇಲ್ಲವೇ ಚೀರುತ್ತಾರೆ. ಅದು ಪುಕ್ಕಲುತನವಲ್ಲ. ಚಿಕ್ಕ ಮಕ್ಕಳು ಸಮತೋಲಕ್ಕೆ ಕಣ್ಣನ್ನೇ ಹೆಚ್ಚು ನಂಬುತ್ತಾರೆ. 1974ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಶೋಧಕರಾದ ಡೇವಿಡ್ ಲೀ ಮತ್ತು ಎರಿಕ್ ಆರನ್‌ಸನ್ ಗೋಡೆಗಳನ್ನಷ್ಟೇ ಸರಿಸಬಹುದಾದ ಕೋಣೆಯಲ್ಲಿ, ಆಗಷ್ಟೇ ನಿಲ್ಲಲು ಕಲಿತ ಮಕ್ಕಳನ್ನು ನಿಲ್ಲಿಸಿದ್ದರು. ನೆಲ ಅಲುಗದೆ ಗೋಡೆ ಸರಿದಾಗ ಮಕ್ಕಳು ತೂರಾಡಿದರು, ಕೆಲವರು ಬಿದ್ದೇಬಿಟ್ಟರು. ಇಲ್ಲಿ ನೀರೂ ಸರಿಯುತ್ತದೆ, ಹಿಮ್ಮಡಿಯ ಕೆಳಗಿನ ಮರಳೂ ಜಾರುತ್ತದೆ. ಮೊದಲು ಒದ್ದೆ ಮರಳಿನಲ್ಲಿ ಪಕ್ಕಕ್ಕೆ ಕುಳಿತು ಅಲೆ ತಾನಾಗಿ ಕಾಲಿಗೆ ಬರಲು ಬಿಡಿ. ನಿಂತ ಮೇಲೆ ನೀರಲ್ಲ, ದೂರ ನೋಡಲು ಹೇಳಿ. ಎಳೆದುಕೊಂಡು ಒಳಗೆ ಹೋದರೆ ಆ ದಿನದ ಕಡಲು ಅಲ್ಲಿಗೇ ಮುಗಿಯಿತು.

ನೀರಿನ ಬಳಿ ಇರುವಷ್ಟು ಹೊತ್ತೂ ಒಬ್ಬರು ಕೈಚಾಚಿದರೆ ಸಿಗುವಷ್ಟು ಹತ್ತಿರವಿರಬೇಕು, ಫೋನ್ ಚೀಲದಲ್ಲಿರಬೇಕು. ಮುಳುಗುವವರು ಕೂಗಿಕೊಳ್ಳುವುದು ಅಪರೂಪ. ಗಾಳಿ ತುಂಬಿದ ಆಟಿಕೆ ಮಗುವನ್ನು ಕಾಯುವುದಿಲ್ಲ, ದಡದಿಂದ ಗಾಳಿ ಬೀಸಿದರೆ ಕೊಂಡೊಯ್ಯುತ್ತದೆ. ನೀಲಿ, ಬಿಳಿ ಬಟ್ಟೆ ನೀರಿನಲ್ಲಿ ಕಾಣೆಯಾಗುತ್ತವೆ. ಕಡು ಕಿತ್ತಳೆ ಎದ್ದು ಕಾಣುತ್ತದೆ.

ಇಳಿತಕ್ಕೆ ಒಂದು ಗಂಟೆ ಮುಂಚೆ ಬಂಡೆಗಳ ಕಡೆ ಹೊರಡಿ. ಪಟ್ಟಿಯಿರುವ ಚಪ್ಪಲಿ ಬೇಕು: ಪಾಚಿ ಜಾರಿಸುತ್ತದೆ, ಬಂಡೆಗೆ ಅಂಟಿದ ಚೂಪು ಚಿಪ್ಪುಗಳು ಪಾದ ಕೊಯ್ಯುತ್ತವೆ. ಬಂಡೆಗುಂಡಿಯ ನೀರಿನ ಮೇಲೆ ನೆರಳು ಬೀಳದಂತೆ ಕೂತು ಎರಡು ಮೂರು ನಿಮಿಷ ಅಲುಗಾಡದಿದ್ದರೆ, ಖಾಲಿ ಶಂಖವೆಂದುಕೊಂಡದ್ದಕ್ಕೆ ಕಾಲು ಮೂಡಬಹುದು. ಅದು ಸನ್ಯಾಸಿ ಏಡಿ. ನಾಲ್ಕು ವರ್ಷದ ಮಗು ಮೂರು ನಿಮಿಷ ಕದಲದೆ ಕೂರುತ್ತದೆಯೇ? ಇಲ್ಲಿ ಕೂರುತ್ತದೆ, ಪಕ್ಕದವರೂ ಬಾಯಿ ಮುಚ್ಚಿಕೊಂಡಿದ್ದರೆ. ಮುಟ್ಟುವುದಾದರೆ ಒದ್ದೆ ಮಾಡಿದ ಒಂದೇ ಬೆರಳು. ಡಬ್ಬಿಯಲ್ಲಿ ಹಿಡಿದರೆ ಕೆಲವೇ ನಿಮಿಷದಲ್ಲಿ ಅದೇ ಗುಂಡಿಗೆ ಬಿಡಬೇಕು. ಚಿಕ್ಕ ಡಬ್ಬಿಯ ನೀರು ಬೇಗ ಬಿಸಿಯಾಗಿ ಆಮ್ಲಜನಕ ಕಳೆದುಕೊಳ್ಳುತ್ತದೆ. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿ, ಅಡಿಭಾಗದಲ್ಲಿ ಬದುಕುವ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ನೀರು ತಿರುಗಿದ ಕೂಡಲೇ ಹೊರಡಿ. ಅದು ಎದುರಿನಿಂದಷ್ಟೇ ಬರುವುದಿಲ್ಲ, ಬಂಡೆ ಸಂದುಗಳಲ್ಲಿ ನುಗ್ಗಿ ಬೆನ್ನ ಹಿಂದಿನ ದಾರಿಯನ್ನೂ ಮುಚ್ಚುತ್ತದೆ.

ಮಧ್ಯಾಹ್ನ ನೆರಳು, ಊಟ, ನಿದ್ದೆ. ಮೂರರಿಂದ ಐದು ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು; ಬೆಳಗ್ಗೆ ಬೇಗ ಎಬ್ಬಿಸಿದ್ದರ ಬಾಕಿ ಇಲ್ಲಿ ತೀರದಿದ್ದರೆ ಸಂಜೆ ಬಡ್ಡಿ ಸಮೇತ ಬರುತ್ತದೆ. ಎದ್ದ ಮೇಲೆ ಮರಳಿನ ಮನೆ. ಒಣ ಮರಳಿನ ಗೋಡೆ ನಿಲ್ಲದು, ನೀರು ಹೆಚ್ಚಾದರೆ ಹರಿದುಹೋಗುತ್ತದೆ. ಕಣಗಳ ನಡುವೆ ನೀರಿನ ತೆಳು ಸೇತುವೆಗಳಿದ್ದಾಗ ಮಾತ್ರ ಹಿಡಿತ. ಆ ಹದವನ್ನು ಮಗು ಕೆಡವಿ ಕೆಡವಿಯೇ ಕಂಡುಕೊಳ್ಳಬೇಕು, ನೀವು ಕಟ್ಟಿಕೊಡಬೇಡಿ.

ವಾಪಸು ರೈಲು ಸೂರ್ಯ ಮುಳುಗುವ ಹೊತ್ತಿನದು. ಹುಣ್ಣಿಮೆಯ ಚಂದ್ರ ಮೂಡುವುದೂ ಆಗಲೇ. ಕೂರಬೇಕಾದ್ದು ಪೂರ್ವದ ಕಿಟಕಿಗೆ. ಕಂಬ ಹಿಂದೆ ಓಡಿತು, ಬೆಟ್ಟ ನಿಧಾನಕ್ಕೆ ಸರಿಯಿತು, ಚಂದ್ರ ಮಾತ್ರ ಜೊತೆಯಲ್ಲೇ ಬರುತ್ತಾನೆ. ಸುಮಾರು 3,84,000 ಕಿಲೋಮೀಟರ್ ದೂರದಲ್ಲಿರುವವನ ದಿಕ್ಕು ಈ ಪ್ರಯಾಣಕ್ಕೆ ಬದಲಾಗುವುದು ಕಾಣುವುದೇ ಇಲ್ಲ. ಚಂದ್ರ ತಮ್ಮನ್ನೇ ಹಿಂಬಾಲಿಸುತ್ತಾನೆಂದು ಮಕ್ಕಳು ನಂಬುವುದನ್ನು ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ದಾಖಲಿಸಿದ್ದಾರೆ. ಬೆಳಗಿನ ಕಂಬ–ಬೆಟ್ಟದ ಲೆಕ್ಕ ನೆನಪಿಸಿ ‘ಹಾಗಾದರೆ ಚಂದ್ರ ಎಷ್ಟು ದೂರ ಇರಬಹುದು?’ ಎಂದು ಕೇಳಿ ನೋಡಬಹುದು.

ಮನೆಗೆ ಬಂದ ರಾತ್ರಿಯೇ ಚಿಪ್ಪುಗಳನ್ನು ಸಿಹಿನೀರಿನಲ್ಲಿ ನೆನೆಹಾಕಿ, ಒಳಗೆ ಜೀವವಿಲ್ಲ ಎಂಬುದನ್ನು ಕಡಲಲ್ಲೇ ಖಚಿತಪಡಿಸಿಕೊಂಡಿರಬೇಕು. ಎರಡು ಮೂರು ದಿನ ಬಿಟ್ಟು ಮಗುವಿನ ಜೊತೆ ಪ್ರವಾಸದ ಮಾತು ತೆಗೆಯಿರಿ. ‘ಏಡಿ ನೋಡಿದ್ವಲ್ಲಾ?’ ಎಂದರೆ ‘ಹೂಂ’ ಎಂದು ಮುಗಿಯುತ್ತದೆ. ‘ಬಂಡೆ ಹತ್ತಿರ ಏನಾಯ್ತು? ಆಮೇಲೆ?’ ಎಂದು ಕೇಳುವ ತಂದೆತಾಯಿಯ ಮಕ್ಕಳು ಬರಬರುತ್ತಾ ನಡೆದದ್ದನ್ನು ಹೆಚ್ಚು ವಿವರವಾಗಿ ಹೇಳುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞೆಯರಾದ ರಾಬಿನ್ ಫೈವುಶ್, ಇಲೇನ್ ರೀಸ್ ಮೊದಲಾದವರ ಅಧ್ಯಯನಗಳು ತೋರಿಸಿವೆ. ಮಗು ಚರಂಡಿ ಮುಚ್ಚಳದಿಂದ ಕತೆ ಶುರುಮಾಡಿ ಕಡಲಿಗೆ ಬರದೇ ಹೋದರೂ ತಿದ್ದಬೇಡಿ. ಫೋಟೋಗಳನ್ನು ಅದರ ಮಾತು ಮುಗಿದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಫೋಟೋದಲ್ಲಿರುವುದನ್ನಷ್ಟೇ ಹೇಳುತ್ತದೆ.