ಬೋಟು ನಿಂತ ತಿಂಗಳಲ್ಲಿ ತಮ್ಮನನ್ನು ಸೇರಿಸಿದೆವು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನು ಹಿಡಿಯುವ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನ ದಕ್ಕೆಯಲ್ಲಿ ಕೆಲಸ ಇರುವುದಿಲ್ಲ, ಹೊತ್ತು ಹೋಗುವುದಿಲ್ಲ. ನನ್ನ ತಮ್ಮ ಜಾಸ್ತಿ ಕುಡಿಯುತ್ತಿದ್ದದ್ದೇ ಆ ಎರಡು ತಿಂಗಳು. ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರಿಸಲು ಅದೇ ಒಳ್ಳೆಯ ಸಮಯ ಅಂತ ನಾನು ಹಟ ಹಿಡಿದೆ. ಬೋಟು ತಪ್ಪುತ್ತದೆ ಅನ್ನುವ ನೆಪ ಆಗ ಇರುವುದಿಲ್ಲ ಅಲ್ವಾ?

ಅಮ್ಮ ಒಪ್ಪಲಿಲ್ಲ. "ಅಲ್ಲಿ ಹೊಡೀತಾರಂತೆ, ಕಟ್ಟಿ ಹಾಕ್ತಾರಂತೆ ಮಗಾ" ಅಂದರು. ಅದು ಸುಮ್ನೆ ಹುಟ್ಟಿದ ಹೆದರಿಕೆಯಲ್ಲ, ಅಂಥ ಜಾಗಗಳೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಆದರೂ ಕಣ್ಣಾರೆ ನೋಡಲೇಬೇಕು. ನಾನು ಹೋಗಿ ಮೊದಲು ಕೇಳಿದ್ದು, ರಾತ್ರಿ ಡಾಕ್ಟರ್ ಸಿಗ್ತಾರಾ ಅಂತ.

ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೈ ನಡುಗುತ್ತದೆ, ಬೆವರು ಇಳಿಯುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರನೇ, ನಾಲ್ಕನೇ ದಿನ ಕೆಲವರಿಗೆ ಇಲ್ಲದ್ದೆಲ್ಲ ಕಾಣಿಸುತ್ತದೆ, ತಾವು ಎಲ್ಲಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಪ್ರಾಣವೇ ಹೋಗಬಹುದು. ಬಿಡಿಸುತ್ತೇವೆ ಅಂತ ಮನೆಯ ಕೋಣೆಯಲ್ಲಿ ಕೂಡಿ ಹಾಕುವವರಿಗೆ ಕೈಮುಗಿದು ಹೇಳುತ್ತೇನೆ, ಹಾಗೆ ಮಾಡಬೇಡಿ. ತಮ್ಮನಿಗೆ ಕೇಂದ್ರ ಸೇರಿದ ಮೊದಲ ವಾರವಿಡೀ ನಡುಕ ತಡೆಯುವ ಮಾತ್ರೆ, ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು. ಗಂಜಿ ಸೇರತೊಡಗಿದ ಮೇಲೆ ಕೌನ್ಸೆಲಿಂಗ್, ಗುಂಪಿನಲ್ಲಿ ಕೂತು ಮಾತು ಎಲ್ಲ ಶುರುವಾಯಿತು.

ಮನೆಯವರಿಗೂ ಕ್ಲಾಸ್ ಇತ್ತು. ತಮ್ಮನ ಹೆಂಡತಿಯನ್ನು ಕರೆದುಕೊಂಡು ನಾನೂ ಹೋಗುತ್ತಿದ್ದೆ. ಅಲ್ಲಿ ಒಬ್ಬರು ತಾಯಿ, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಮಗನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸಬಹುದಾ ಅಂತ ಕೇಳಿದರು. ಎಷ್ಟು ಸೋತಿದ್ದರೋ ಪಾಪ. ಆದರೆ ಆ ಮಾತ್ರೆ ಮೈಯಲ್ಲಿದ್ದಾಗ ಕುಡಿದರೆ ಎದೆ ಬಡಿತ ಏರಿ, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ಕುಡಿಯುವವನಿಗೆ ಗೊತ್ತಿದ್ದು, ಅವನು ಒಪ್ಪಿದರೆ ಮಾತ್ರ ಕೊಡಬೇಕು ಅಂತ ಡಾಕ್ಟರ್ ಬಿಡಿಸಿ ಹೇಳಿದರು.

ನನಗೆ ಜಾಸ್ತಿ ಹೆದರಿಕೆ ಇದ್ದದ್ದು ಆಗಸ್ಟ್ ಬಗ್ಗೆ. ಬೋಟು ವಾಪಸ್ ಬಂದು ಮೀನು ಇಳಿಸಿದ ದಿನ ಕೈಗೆ ದುಡ್ಡು ಬರುತ್ತದೆ, ಜೊತೆಯವರು ಕರೆಯುತ್ತಾರೆ. ಕೇಂದ್ರದಲ್ಲಿ ಇದ್ದಾಗಲೇ ತಮ್ಮ ಇದನ್ನು ಯೋಚಿಸಿದ್ದ. ಬೋಟು ನಡೆಸುವ ತಾಂಡೇಲರ ಹತ್ತಿರ ತಾನೇ ಮಾತಾಡಿ, ದುಡ್ಡು ಹೆಂಡತಿಯ ಖಾತೆಗೆ ಹೋಗುವ ಹಾಗೆ ಮಾಡಿಕೊಂಡ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಯಲ್ಲೂ ಹೋಗಿ ಕೂರುತ್ತಾನೆ. ನಡುವೆ ಒಮ್ಮೆ ಕುಡಿದ. ಮನೆಯಲ್ಲಿ ಯಾರೂ ಬೈಯಲಿಲ್ಲ. ಮರುದಿನ ಅವನೇ ಕೌನ್ಸೆಲರಿಗೆ ಫೋನ್ ಮಾಡಿದ.

ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಇದ್ದರೆ 14446ಕ್ಕೆ ಫೋನ್ ಮಾಡಿ ಕೇಳಿ, ಅದು ಸರಕಾರದ ಉಚಿತ ಸಹಾಯವಾಣಿ. ಬೋಟಿನವರಾದರೆ ಜಾಗ ನೋಡುವ ಕೆಲಸ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.