ತಂತಿ ತುಂಡಾದರೆ ಯಾರು ಕಟ್ಟೋದು?

ಶುಕ್ರವಾರ ಸಂಜೆಯಿಂದ ಆ ಹಿರಿಯರ ಮಾತೇ ತಲೆಯಲ್ಲಿ ಕೂತಿದೆ. "ತಂತಿ ತುಂಡಾದರೆ ಯಾರು ಕಟ್ಟೋದು?"

ಆಫೀಸಿನ ಗೆಳತಿ ಕರೆದಿದ್ದಳು. ಇಲ್ಲೇ ನ್ಯೂಜೆರ್ಸಿಯಲ್ಲಿ ಅವಳು ಹೋಗುವ ಸಿನಗಾಗ್‌ಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ. ಶಬ್ಬತ್, ಅಂದರೆ ಶುಕ್ರವಾರ ಸಂಜೆ ಶುರುವಾಗುವ ಅವರ ವಾರದ ವಿಶ್ರಾಂತಿ ದಿನ, ಅದರ ಪ್ರಾರ್ಥನೆಯ ಜೊತೆಗೆ ದೇಶದೇಶದ ಯಹೂದಿ ಸಂಗೀತ. ಊದ್ ಎಂಬ ಅರಬ್ ತಂತಿವಾದ್ಯ, ಪಿಟೀಲು, ದರ್ಬುಕಾ ಎಂಬ ಚರ್ಮವಾದ್ಯ, ಇಬ್ಬರು ಹಾಡುವವರು. ಇವರು ರಿಫಾರ್ಮ್ ಎಂಬ ಉದಾರ ಪಂಥದವರು, ವಾದ್ಯಕ್ಕೆ ಅಡ್ಡಿಯಿಲ್ಲ. ಸಂಪ್ರದಾಯಸ್ಥರಾದರೆ ಆ ದಿನ ವಾದ್ಯ ನುಡಿಸುವುದಿಲ್ಲ. ಅವರ ಧರ್ಮಶಾಸ್ತ್ರದ ಗ್ರಂಥ ತಾಲ್ಮುಡ್ ಕೊಡುವ ಕಾರಣ ಕೇಳಿ ನನಗೆ ನಗು ಬಂತು. ನುಡಿಸುವಾಗ ವಾದ್ಯ ಕೆಟ್ಟರೆ ಕೈ ಸುಮ್ಮನಿರುತ್ತದೆಯೇ? ರಿಪೇರಿಗೆ ಹೋಗುತ್ತದೆ. ರಿಪೇರಿ ಅಂದರೆ ಕೆಲಸ. ಶಬ್ಬತ್ ದಿನ ಕೆಲಸ ಮಾಡುವ ಹಾಗಿಲ್ಲ.

ಎರಡನೇ ಹಾಡಿಗೇ ಊದ್ ಶ್ರುತಿ ತಪ್ಪಿತು. ಹೊರಗಿನ ಚಳಿಯಿಂದ ಬಂದ ವಾದ್ಯ, ಒಳಗೆ ಹೀಟರ್. ಪಾಪ, ಹುಡುಗ ತಲೆ ಬಗ್ಗಿಸಿ ಬಿರಡೆ ತಿರುಗಿಸತೊಡಗಿದ. ಆಗ ಪಕ್ಕದ ಹಿರಿಯರು ಜೋರಾಗಿಯೇ ಆ ಮಾತು ಅಂದರು. ಗೆಳತಿ ನನ್ನ ಕಿವಿಯಲ್ಲಿ, "ಬೇಜಾರು ಮಾಡ್ಕೋಬೇಡ, ಅವರು ಹಾಗೇನೇ" ಅಂದಳು. ಬೇಜಾರೆಲ್ಲಿ? ಅಷ್ಟು ಜನರಲ್ಲಿ ಶ್ರುತಿ ತಪ್ಪಿದ್ದು ಗೊತ್ತಾಗಿದ್ದು ಅವರೊಬ್ಬರಿಗೇ ಅನ್ನಿಸಿತ್ತು.

ಆಮೇಲೆ 'ಲೆಖಾ ದೋದಿ'. ಶಬ್ಬತ್ತನ್ನು ಮದುಮಗಳಂತೆ ಬರಮಾಡಿಕೊಳ್ಳುವ ಹಾಡು. 16ನೇ ಶತಮಾನದಲ್ಲಿ ಸಫೆದ್ ಊರಿನ ಶ್ಲೋಮೋ ಹಲೇವಿ ಅಲ್ಕಬೆಟ್ಸ್ ಬರೆದದ್ದು. ಮೊದಲ 8 ಚರಣಗಳ ಮೊದಲಕ್ಷರ ಜೋಡಿಸಿದರೆ ಅವರ ಹೆಸರು ಸಿಗುತ್ತದೆ. ನಮ್ಮ ದಾಸರು ಕೊನೆಯಲ್ಲಿ ದೇವರ ಹೆಸರಿನ ಅಂಕಿತ ಹಾಕಿದರು, ಇವರು ತಮ್ಮ ಹೆಸರನ್ನೇ ಹಾಡಿನುದ್ದಕ್ಕೂ ಹೊಲಿದುಬಿಟ್ಟಿದ್ದಾರೆ! ಧಾಟಿ ಮಾತ್ರ ಊರಿಗೊಂದು. ಹಿರಿಯರು ತಂಡದ ಧಾಟಿಗೆ ಸೊಪ್ಪು ಹಾಕಲಿಲ್ಲ. ತಮ್ಮ ಮನೆಯ ಧಾಟಿಯಲ್ಲೇ ಕಣ್ಣು ಮುಚ್ಚಿ ಹಾಡಿದರು. ಕೊನೆಯ ಚರಣಕ್ಕೆ ಎಲ್ಲರೂ ಬಾಗಿಲ ಕಡೆ ತಿರುಗಿ ಬಾಗಿದಾಗಲೂ ಇವರು ಅರ್ಧ ಸಾಲು ಹಿಂದೆ.

ತಂಡ ಲಾದಿನೋ ಹಾಡುಗಳನ್ನೂ ಹಾಡಿತು. 1492ರಲ್ಲಿ ಸ್ಪೇನ್ ಹೊರಹಾಕಿದ ಯಹೂದಿಗಳು ಇಸ್ತಾಂಬುಲ್, ಥೆಸಲೊನೀಕಿಯಲ್ಲಿ ನೆಲೆಸಿ ನೂರಾರು ವರ್ಷ ಉಳಿಸಿಕೊಂಡ ಹಳೆಯ ಸ್ಪ್ಯಾನಿಷ್ ಅದು. ಚೆನ್ನಾಗಿತ್ತು. ಆದರೆ ನನ್ನ ತಲೆ ಬ್ರೂಕ್ಲಿನ್‌ನ ಸಿರಿಯನ್ ಯಹೂದಿಗಳ ಕಡೆ ಹೋಯಿತು. ಸಿರಿಯಾದ ಅಲೆಪ್ಪೋ ಊರಿನ ಪದ್ಧತಿ ಅವರದು. ಧರ್ಮಗ್ರಂಥವಾದ ತೋರಾದಿಂದ ವಾರವಾರ ಓದುವ ಭಾಗಕ್ಕೆ ತಕ್ಕ ಮಕಾಮ್, ಅಂದರೆ ಹೆಚ್ಚುಕಡಿಮೆ ರಾಗ, ಆರಿಸಿ ಪ್ರಾರ್ಥನೆ ಹಾಡುತ್ತಾರೆ. ಶಬ್ಬತ್ ದಿನ ಬರೀ ಕಂಠದಲ್ಲಿ. ತುಂಡಾಗಲು ಅಲ್ಲಿ ತಂತಿಯೇ ಇಲ್ಲ. ವಲಸೆ ಹೋಗುವವರಿಗೆ ಅನುಕೂಲವಾಗಲಿ ಅಂತ ಆ ನಿಯಮ ಮಾಡಿದರು ಅಂತಲ್ಲ. ಆದರೂ ಊರು ಬಿಟ್ಟು ಓಡುವವರ ಜೊತೆ ಗಂಟಲಂತೂ ಬಂದೇ ಬರುತ್ತದೆ, ಅಲ್ವಾ? ನಮ್ಮ ಇಲ್ಲಿನ ಭಜನೆಗಳಲ್ಲಿ ಫೋನಿನ ಶ್ರುತಿ ಆ್ಯಪ್ ಶುರುವಾಗುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಸಾಹಿತ್ಯವೂ ಫೋನಿನಲ್ಲೇ.

ಪ್ರಾರ್ಥನೆ ಮುಗಿದ ಮೇಲೆ ಊದ್ ಹುಡುಗನೇ ಬಂದು ಹಿರಿಯರನ್ನು ಕೇಳಿದ, "ನೀವು ಹಾಡಿದ್ದು ಯಾವ ಊರಿನ ಧಾಟಿ ಸರ್?"

"ಅಪ್ಪ ಹಾಡ್ತಿದ್ರು. ಯಾವ ಊರು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ."

ಸೋಮವಾರ ಗೆಳತಿ ಮತ್ತೆ ಸಾರಿ ಕೇಳಿದಳು. ಮುಂದಿನ ಸಲ ದೂರದ ಸೀಟು ಹಿಡೀತೀನಿ ಅಂದಳು. ಬೇಡ ಮಾರಾಯ್ತಿ, ಅವರ ಪಕ್ಕದಲ್ಲೇ ಹಿಡಿ ಅಂದೆ.