ನಾಯಕನ ಚರಿತ್ರೆಯಲ್ಲಿ ವಿರೋಧಿಗೆ ಏಕೆ ಜಾಗ?

“ನಮ್ಮ ಜಿಲ್ಲೆಯಿಂದ ಮೇಲೆ ಬಂದವರೇ ಬೆರಳೆಣಿಕೆಯಷ್ಟು ಮಂದಿ. ಅಂಥವರ ಜೀವನಚರಿತ್ರೆಯಲ್ಲಿ ಅವರನ್ನು ವಿರೋಧಿಸಿದವರ ಮಾತು ಏಕೆ ಬೇಕು?” ಕೊಡಗಿನ ರಾಜಕಾರಣಿಗಳ ಬಗ್ಗೆ ಬರೆಯುವ, ಅವರ ಮೇಲೆ ಬಂದ ಪುಸ್ತಕಗಳನ್ನು ವಿಮರ್ಶಿಸುವ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಪುಸ್ತಕ ಬಿಡುಗಡೆಯಾದ ದಿನ ಊಟದ ಸಾಲಿನಲ್ಲಿ ಕೇಳುತ್ತಾರೆ, ಫೋನ್ ಮಾಡಿ ಕೇಳುತ್ತಾರೆ, ಕೆಲವರು ಮುನಿಸಿಕೊಂಡೇ ಕೇಳುತ್ತಾರೆ. ವಿರೋಧಿಯ ವಾದ ಪೂರ್ತಿಯಾಗಿ ಕೇಳಿಸದ ಪುಸ್ತಕದಲ್ಲಿ ನಾಯಕ ಮಾಡಿದ್ದೇನು ಎಂಬುದೇ ಓದುಗನಿಗೆ ತಿಳಿಯುವುದಿಲ್ಲ ಎಂಬುದು ನನ್ನ ಉತ್ತರ.

ಚೆಪ್ಪುಡೀರ ಪೂಣಚ್ಚ ಅವರನ್ನೇ ತೆಗೆದುಕೊಳ್ಳಿ. ಸಂವಿಧಾನ ಸಭೆಯಲ್ಲಿ ಕೊಡಗಿನ ಪ್ರತಿನಿಧಿ, 1952ರಿಂದ 1956ರವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿ, 1967ರಲ್ಲಿ ಮಂಗಳೂರಿನಿಂದ ಲೋಕಸಭೆಗೆ ಗೆದ್ದು ಕೇಂದ್ರದ ರೈಲ್ವೆ ಸಚಿವ, ಮುಂದೆ ಮಧ್ಯಪ್ರದೇಶ ಮತ್ತು ಒಡಿಶಾದ ರಾಜ್ಯಪಾಲ. ಹುದ್ದೆಗಳ ಈ ಪಟ್ಟಿಯನ್ನು ಯಾರು ಬೇಕಾದರೂ ಬರೆಯಬಹುದು. (ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಕೊಡಗಿನ ರೈಲ್ವೆ ಸಚಿವರ ಚರಿತ್ರೆ ಬರೆಯುವವರು, ಓದುಗ ಕೇಳುವ ಮೊದಲೇ ಈ ಪ್ರಶ್ನೆಯನ್ನು ತಾವೇ ಎತ್ತಿಕೊಳ್ಳಬೇಕು.) ಆ ಬದುಕಿನ ನಿಜವಾದ ತಿರುಳು ಇರುವುದು ಮಡಿಕೇರಿಯಲ್ಲಿ ಮುಖ್ಯಮಂತ್ರಿಯಾಗಿದ್ದ ನಾಲ್ಕು ವರ್ಷಗಳಲ್ಲಿ.

1952ರ ಚುನಾವಣೆಯಲ್ಲಿ ಕೊಡಗು ವಿಧಾನಸಭೆಯ 24 ಸ್ಥಾನಗಳ ಪೈಕಿ ಕಾಂಗ್ರೆಸ್ 15 ಗೆದ್ದಿತು. ಮೈಸೂರು ರಾಜ್ಯದೊಡನೆ ವಿಲೀನವಾಗಬೇಕೆಂಬುದು ಅದರ ನಿಲುವು. ವಿಲೀನ ಕೂಡದೆಂದು ಕಣಕ್ಕಿಳಿದ ತಕ್ಕಡಿ ಪಕ್ಷಕ್ಕೆ ಉಳಿದ 9 ಸಿಕ್ಕಿದವು. ಆ ಪಕ್ಷವನ್ನು ಮುನ್ನಡೆಸಿದವರು ಪಂದ್ಯಂಡ ಬೆಳ್ಯಪ್ಪ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು, ಜನರಿಂದ ಕೊಡಗಿನ ಗಾಂಧಿ ಎನಿಸಿಕೊಂಡವರು. ಪೂಣಚ್ಚ ಅವರೂ ಅದೇ ಹೋರಾಟದಲ್ಲಿ ಸೆರೆಮನೆಗೆ ಹೋದವರೇ. ಒಂದೇ ಚಳವಳಿಯಲ್ಲಿ ಬೆಳೆದ ಇಬ್ಬರು, ನಾಡಿನ ಅತಿ ದೊಡ್ಡ ಪ್ರಶ್ನೆ ಎದುರಾದಾಗ ಎದುರುಬದುರಾಗಿ ನಿಂತರು. ಒಬ್ಬ ಚರಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಗುತ್ತದೆ! ಇಂಥದ್ದನ್ನು ‘ಕೆಲವರು ವಿರೋಧಿಸಿದರು’ ಎಂಬ ಒಂದು ಸಾಲಿನಲ್ಲಿ ದಾಟಿಸಿಬಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೆಳ್ಯಪ್ಪ ಅವರ ಪಕ್ಷಕ್ಕೆ ಮತ ಹಾಕಿದವರನ್ನು ದಾರಿ ತಪ್ಪಿದವರೆಂದು ತಳ್ಳಿಹಾಕುವಂತಿಲ್ಲ. 1951ರಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2.3 ಲಕ್ಷ. ಅಷ್ಟು ಸಣ್ಣ ನಾಡು ದೊಡ್ಡ ರಾಜ್ಯಕ್ಕೆ ಸೇರಿದರೆ ತನ್ನ ದನಿ ಏನಾದೀತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಂದು 24 ಶಾಸಕರನ್ನು ಆರಿಸುತ್ತಿದ್ದ ಕೊಡಗು ಇಂದು ಮಡಿಕೇರಿ, ವಿರಾಜಪೇಟೆ ಎಂದು ಇಬ್ಬರನ್ನು ಆರಿಸುತ್ತದೆ. ಇನ್ನೊಂದು ಕಡೆ, ಅಷ್ಟು ಚಿಕ್ಕ ರಾಜ್ಯ ತನ್ನ ಆಡಳಿತದ ಭಾರವನ್ನು ಎಷ್ಟು ಕಾಲ ಹೊತ್ತೀತು ಎಂಬ ಚಿಂತೆಯೂ ಅಷ್ಟೇ ನ್ಯಾಯವಾದದ್ದು. ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವಿಲೀನದ ಪರವಾಗಿ ಹೇಳಿತು, 1956ರ ನವೆಂಬರ್ 1ರಂದು ಕೊಡಗು ರಾಜ್ಯ ಇಲ್ಲವಾಯಿತು. ತಾನೇ ಮುಖ್ಯಮಂತ್ರಿಯಾಗಿದ್ದ ರಾಜ್ಯ ಅಳಿಸಿಹೋಗುವ ನಿಲುವಿಗೆ ಪೂಣಚ್ಚ ಅವರ ಪಕ್ಷ ಬದ್ಧವಾಗಿತ್ತು. ಅದರ ಭಾರ ಎಷ್ಟೆಂದು ತಿಳಿಯಬೇಕಾದರೆ ಬೆಳ್ಯಪ್ಪ ಅವರ ಆತಂಕವನ್ನು ಮೊದಲು ಓದಬೇಕು. ಇದು ಬೆಳ್ಯಪ್ಪ ಅವರ ಮೇಲೆ ಬರೆಯುವವರಿಗೂ ಅನ್ವಯಿಸುತ್ತದೆ. ಅಲ್ಲಿ ಪೂಣಚ್ಚ ಅವರ ವಾದ ಪೂರ್ತಿ ಕೇಳಿಸಬೇಕು.

ಇದಕ್ಕೆ ಆಕರ ಹುಡುಕುವುದು ಸುಲಭದ ಕೆಲಸವೇನಲ್ಲ. ಮಡಿಕೇರಿಯ ‘ಶಕ್ತಿ’ ಪತ್ರಿಕೆ ಹುಟ್ಟಿದ್ದೇ 1957ರಲ್ಲಿ, ವಿಲೀನವಾದ ಮೇಲೆ. ಅದಕ್ಕೂ ಹಿಂದಿನದಕ್ಕೆ ಸದನದ ನಡಾವಳಿ, ಹಳೆಯ ವಾರಪತ್ರಿಕೆಗಳು, ಮನೆಗಳ ಅಟ್ಟದಲ್ಲಿರುವ ಕಾಗದಪತ್ರಗಳೇ ಗತಿ. ನಾಯಕನ ಮನೆಯ ಅಟ್ಟವನ್ನು ಎಲ್ಲರೂ ಹುಡುಕುತ್ತಾರೆ. ಸೋತವರ ಮನೆಯ ಅಟ್ಟಕ್ಕೂ ಏಣಿ ಹಾಕಬೇಕು.

ಗುಂಡೂರಾವ್ ಅವರ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ಬಿಸಿ. ಕುಶಾಲನಗರದಿಂದ ಹೊರಟು 1980ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದವರು. ನಮ್ಮ ಜಿಲ್ಲೆಯಲ್ಲಿ ಅವರ ಹೆಸರೆತ್ತಿದರೆ ಈಗಲೂ ಮುಖ ಅರಳಿಸುವ ಹಿರಿಯರಿದ್ದಾರೆ, ಆ ಪ್ರೀತಿ ಪುಸ್ತಕದಲ್ಲಿ ಬರಲೇಬೇಕು. ಅದರ ಜೊತೆಗೆ 1980ರ ಜುಲೈ ಕೂಡ ಬರಬೇಕು. ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ನರಗುಂದ, ನವಲಗುಂದಗಳಲ್ಲಿ ಎದ್ದರು, ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಅಲ್ಲಿ ಇಂದಿಗೂ ಜುಲೈ 21ರಂದು ಹುತಾತ್ಮ ದಿನ ನಡೆಯುತ್ತದೆ. ಗುಂಡೂರಾವ್ ಅವರ ಚರಿತ್ರೆ ಬರೆಯುವ ಕೊಡಗಿನ ಲೇಖಕ ನವಲಗುಂದದ ಬಸ್ ಹತ್ತದೆ ಪುಸ್ತಕ ಮುಗಿಸಬಾರದು. 1982ರ ಗೋಕಾಕ್ ಚಳವಳಿಗೂ ಇದೇ ಮಾತು: ಬೀದಿಗಿಳಿದವರು ಕೇಳಿದ್ದೇನು, ಸರ್ಕಾರ ತಡಮಾಡಿದ್ದೇಕೆ, ಎರಡೂ ಬೇಕು.

ಕೊಡಗಿನಲ್ಲಿ ಇನ್ನೊಂದು ಕಷ್ಟವಿದೆ. ಕೊಡವರ ಹೆಸರಿನಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರೇ ಮೊದಲು ಬರುತ್ತದೆ. ಒಬ್ಬರ ತೀರ್ಮಾನವನ್ನು ಪ್ರಶ್ನಿಸಿದರೆ ಒಕ್ಕದ ಮೂಲಮನೆಯಾದ ಇಡೀ ಐನ್‌ಮನೆಯನ್ನೇ ಪ್ರಶ್ನಿಸಿದಂತೆ ಕೆಲವರಿಗೆ ಅನ್ನಿಸುತ್ತದೆ. ಮನೆಯವರ ನೋವು ನನಗೆ ಸಣ್ಣದಲ್ಲ. ಆದ್ದರಿಂದ ಅಹಿತವಾದ ಸಂಗತಿ ಬರೆಯುವ ಮೊದಲು ಅವರಿಗೆ ದಾಖಲೆ ತೋರಿಸುತ್ತೇನೆ, ಅವರ ವಿವರಣೆಯನ್ನು ಅವರದೇ ಮಾತಿನಲ್ಲಿ ಸೇರಿಸುತ್ತೇನೆ. ತೆಗೆದುಹಾಕಿ ಎಂದರೆ ಮಾತ್ರ ಒಪ್ಪುವುದಿಲ್ಲ. ವಿಮರ್ಶೆ ಬರೆಯುವಾಗ ಲೇಖಕರೋ ನಾಯಕರ ಮನೆಯವರೋ ನನಗೆ ನೆಂಟರಾಗಿದ್ದರೆ ಮೊದಲ ಪ್ಯಾರಾದಲ್ಲೇ ಹೇಳಿಬಿಡುತ್ತೇನೆ. ಸಣ್ಣ ಜಿಲ್ಲೆ, ನೆಂಟಸ್ತಿಕೆ ಇಲ್ಲದವರು ಕಡಿಮೆ. ಅಭಿನಂದನ ಗ್ರಂಥವನ್ನು ಅಭಿನಂದನ ಗ್ರಂಥವೆಂದೇ ಓದುತ್ತೇನೆ, ಅದರ ಮೇಲೆ ಈ ಹೊರೆ ಹೇರುವುದಿಲ್ಲ. ಮುಖಪುಟದಲ್ಲಿ ಜೀವನಚರಿತ್ರೆ ಎಂದಿದ್ದರೆ ಕೊನೆಯ ಪುಟಗಳ ಹೆಸರುಗಳ ಸೂಚಿ ತೆರೆದು ಎದುರಾಳಿಗಳನ್ನು ಹುಡುಕುತ್ತೇನೆ. ಸೂಚಿಯೇ ಇಲ್ಲದಿದ್ದರೆ ವಿಮರ್ಶೆಯಲ್ಲಿ ಅದನ್ನೂ ಬರೆಯುತ್ತೇನೆ.

1983ರ ಜನವರಿಯಲ್ಲಿ ಮುಖ್ಯಮಂತ್ರಿ ಗುಂಡೂರಾವ್ ತಮ್ಮದೇ ಸೋಮವಾರಪೇಟೆ ಕ್ಷೇತ್ರದಲ್ಲಿ ಜನತಾ ಪಕ್ಷದ ಬಿ. ಎ. ಜೀವಿಜಯ ಅವರೆದುರು ಸೋತರು. ಅವರನ್ನು ಹತ್ತಿರದಿಂದ ಬಲ್ಲ ಊರುಗಳೇ ಏಕೆ ಕೈಬಿಟ್ಟವು ಎಂಬುದನ್ನು ಆ ಊರುಗಳ ಬಾಯಿಂದಲೇ ಕೇಳಬೇಕು. ಆ ಕ್ಷೇತ್ರವೇ ಈಗ ಇಲ್ಲ. ಅಂದು ಮೊದಲ ಸಲ ಮತ ಹಾಕಿದವರು ಅರುವತ್ತು ದಾಟಿದ್ದಾರೆ; 1952ರಲ್ಲಿ ಮತ ಹಾಕಿದವರಲ್ಲಿ ಉಳಿದವರಿಗೆ ತೊಂಬತ್ತರ ಮೇಲೆ. ಬರೆಯಬೇಕೆಂದಿರುವ ಕಿರಿಯರು ಈ ಮಳೆಗಾಲ ಕಳೆದ ಕೂಡಲೇ ರೆಕಾರ್ಡರ್ ಹಿಡಿದು ಆ ಮನೆಗಳಿಗೆ ಹೋಗಲಿ, ಗೆದ್ದವರಿಗೆ ಮತ ಹಾಕಿದವರ ಹತ್ತಿರವೂ, ಸೋತವರಿಗೆ ಹಾಕಿದವರ ಹತ್ತಿರವೂ.